ಚಳಿಯಲ್ಲಿ ಕೂಡಿಟ್ಟ ಮೈಲಿಗಳು

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಜನವರಿ ತಿಂಗಳ ಬೆಳಗು ಬೆಳಗೇ ಅಲ್ಲ. ಅದು ಇರುಳಿನ ಬಾಲ. ಗಂಟೆ ಎಂಟಾದರೂ ಸೂರ್ಯನ ಸುಳಿವಿರುವುದಿಲ್ಲ. ಮಧ್ಯಾಹ್ನ ನಾಲ್ಕು ಹೊಡೆಯುವಷ್ಟರಲ್ಲಿ ಮತ್ತೆ ದೀಪ ಹಚ್ಚಬೇಕು. ಬೇಲಿಯ ಗಿಡ, ಮನೆಯ ಮಾಡು, ಹೊಲದ ಹುಲ್ಲು ಎಲ್ಲದರ ಮೇಲೂ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದಂತೆ ಬೆಳ್ಳಗೆ ಕಾಣುತ್ತದೆ. ರಸ್ತೆಯ ತಗ್ಗಿನಲ್ಲಿ ನಿಂತ ನೀರು ಗಾಜಾಗಿ, ಕಣ್ಣಿಗೆ ಕಾಣದೆ, ಬಂದವರನ್ನು ಕೆಡಹಲು ಹೊಂಚುಹಾಕುತ್ತದೆ. ಅದೂ ಭಾನುವಾರ! ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡು ಇನ್ನೊಂದು ಗಳಿಗೆ ಮಲಗುವುದಕ್ಕಿಂತ ಮಿಗಿಲಾದ ಸುಖ ಯಾವುದಿದ್ದೀತು?

ಅಂಥ ಬೆಳಗಿನಲ್ಲಿಯೇ, ಊರ ನಡುವಿನ ದೀಪದ ಕಂಬದ ಕೆಳಗೆ, ಹತ್ತು ಹನ್ನೆರಡು ಮಂದಿ ಸೈಕಲ್ಲು ಹಿಡಿದು ನಿಂತಿರುತ್ತಾರೆ. ಒಬ್ಬರ ಮೇಲೊಬ್ಬರು ಉಸಿರಿನ ಹಬೆ ಬಿಡುತ್ತ, ಕೈ ಉಜ್ಜಿಕೊಳ್ಳುತ್ತ, ತಡವಾಗಿ ಬರುವವನಿಗಾಗಿ ಎರಡು ನಿಮಿಷ ಕಾದು, ಜೋಡಿಜೋಡಿಯಾಗಿ ಹೊರಟುಬಿಡುತ್ತಾರೆ. ಅವರು ಹೊರಟಿರುವುದು ಪಂದ್ಯಕ್ಕಲ್ಲ. ಬಹುಮಾನವಿಲ್ಲ, ಚಪ್ಪಾಳೆ ತಟ್ಟುವ ಜನವಿಲ್ಲ, ಮರುದಿನದ ಪತ್ರಿಕೆಯಲ್ಲಿ ಹೆಸರೂ ಬರಲಾರದು. ಎಂಟು ತಿಂಗಳ ಆಚೆ ಇರುವ ಯಾವುದೋ ಒಂದು ದಿನಕ್ಕಾಗಿ ಅವರು ಇಂದು ಚಳಿಯಲ್ಲಿ ಮೈಲಿಗಳನ್ನು ಕೂಡಿಡುತ್ತಿದ್ದಾರೆ, ಅಷ್ಟೆ.

ಲೀಡ್ಸ್ ನಗರದ ಪಕ್ಕದಲ್ಲಿರುವ ಮಾರ್ಲಿ ಎಂಬ ಊರಿನಲ್ಲಿ, 1950 ಮತ್ತು 1960ರ ದಶಕಗಳಲ್ಲಿ, ಇಂಥದೊಂದು ಗುಂಪಿನೊಡನೆ ಸೈಕಲ್ಲು ತುಳಿಯುತ್ತಿದ್ದ ಹೆಂಗಸಿನ ಹೆಸರು ಬೆರಿಲ್ ಬರ್ಟನ್. 1967ನೆಯ ಇಸವಿ ಸೆಪ್ಟೆಂಬರ್ 17ರಂದು ಆಕೆ ಹನ್ನೆರಡು ಗಂಟೆಗಳಲ್ಲಿ 277.25 ಮೈಲಿ, ಎಂದರೆ ಸುಮಾರು 446 ಕಿಲೋಮೀಟರ್, ದೂರವನ್ನು ಒಬ್ಬಳೇ ತುಳಿದಳು. ಬೆಂಗಳೂರಿನಲ್ಲಿ ಬೆಳಗ್ಗೆ ಹೊರಟು, ಸಂಜೆಯೊಳಗೆ ಹುಬ್ಬಳ್ಳಿಯನ್ನು ಹಿಂದಿಕ್ಕಿ ಧಾರವಾಡವನ್ನೂ ದಾಟಿದಂತಾಯಿತು! ಬ್ರಿಟನ್ನಿನ ಹನ್ನೆರಡು ಗಂಟೆಯ ಪಂದ್ಯದಲ್ಲಿ ಅಲ್ಲಿಯವರೆಗೆ ಯಾವ ಗಂಡಸೂ ಅಷ್ಟು ದೂರ ಹೋಗಿರಲಿಲ್ಲ.

ವೈದ್ಯರು ಬೇಡವೆಂದ ಶ್ರಮ

ಬೆರಿಲ್ ಹುಟ್ಟಿದ್ದು 1937ರ ಮೇ 12ರಂದು, ಲೀಡ್ಸ್ ನಗರದಲ್ಲಿ. ಹನ್ನೊಂದನೆಯ ವಯಸ್ಸಿನ ಹೊತ್ತಿಗೆ ಮಕ್ಕಳು ಯಾವ ಬಗೆಯ ಪ್ರೌಢಶಾಲೆಗೆ ಹೋಗಬೇಕೆಂಬುದನ್ನು ತೀರ್ಮಾನಿಸುವ ಪರೀಕ್ಷೆಯೊಂದು ಆಗ ಇಂಗ್ಲೆಂಡಿನಲ್ಲಿತ್ತು. ಓದಿನಲ್ಲಿ ಚುರುಕಾಗಿದ್ದ ಹುಡುಗಿ ಆ ಪರೀಕ್ಷೆಯ ಹೊತ್ತಿನಲ್ಲೇ ಕಾಯಿಲೆ ಬಿದ್ದಳು. ಸಂಧಿವಾತದ ಜ್ವರ, ಅದರೊಡನೆ ಕೈಕಾಲುಗಳು ಹತೋಟಿ ತಪ್ಪಿ ಅದುರುವ ರೋಗ. ಒಂಬತ್ತು ತಿಂಗಳು ಆಸ್ಪತ್ರೆಯ ಹಾಸಿಗೆ, ಆಮೇಲೆ ಹದಿನೈದು ತಿಂಗಳು ಮನೆಯಿಂದ ದೂರ ಸಮುದ್ರತೀರದ ಸೌತ್‌ಪೋರ್ಟ್ ಊರಿನ ಆರೋಗ್ಯಧಾಮ. ಬಾಲ್ಯದ ಎರಡು ವರ್ಷಗಳು ಹೀಗೆ ಕಳೆದುಹೋದವು.

ಸಂಧಿವಾತದ ಜ್ವರ ಕೀಲುಗಳನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ ಎಂಬ ಮಾತು ವೈದ್ಯರಲ್ಲಿ ಹಳೆಯದು. ಬೆರಿಲ್‌ಳ ಹೃದಯದ ಬಡಿತದಲ್ಲಿ ಆಗ ಸೇರಿಕೊಂಡ ದೋಷ ಕೊನೆಯವರೆಗೂ ಉಳಿಯಿತು. ಮೈಗೆ ಹೆಚ್ಚಿನ ಶ್ರಮ ಕೊಡಬಾರದೆಂದು ವೈದ್ಯರು ಎಚ್ಚರಿಸಿ ಕಳುಹಿಸಿದರು. ಶಾಲೆಯ ಬಾಗಿಲೂ ಮುಚ್ಚಿತು, ಆಟದ ಬಾಗಿಲೂ ಮುಚ್ಚಿತು. ಪರೀಕ್ಷೆಯಲ್ಲಿ ಸೋತದ್ದನ್ನು ಆಕೆ ಎಂದೂ ಮರೆಯಲಿಲ್ಲ. ತಾನು ಯಾವುದಾದರೂ ಒಂದು ಕೆಲಸದಲ್ಲಿ ಮುಂದೆ ನಿಂತು ತೋರಿಸಬೇಕೆಂಬ ಛಲ ಮನಸ್ಸಿನೊಳಗೆ ಬೂದಿ ಮುಚ್ಚಿದ ಕೆಂಡದಂತೆ ಉಳಿಯಿತು.

ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟು ಬಟ್ಟೆ ಹೊಲಿಯುವ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. ಅಲ್ಲಿ ಪರಿಚಯವಾದವನು ಚಾರ್ಲಿ ಬರ್ಟನ್. ಆತ ಸೈಕಲ್ಲಿನ ಹುಚ್ಚಿನವನು. ಭಾನುವಾರ ಬಂತೆಂದರೆ ಸಂಘದ ಗೆಳೆಯರೊಡನೆ ಬೆಟ್ಟದ ರಸ್ತೆ ಹಿಡಿಯುವವನು. 1955ರಲ್ಲಿ ಇಬ್ಬರಿಗೂ ಮದುವೆಯಾಯಿತು. ಮರುವರ್ಷ ಮಗಳು ಡೆನಿಸ್ ಹುಟ್ಟಿದಳು. ಹೆಂಡತಿಯನ್ನು ಸೈಕಲ್ಲಿನ ಲೋಕಕ್ಕೆ ಕರೆತಂದವನು ಚಾರ್ಲಿಯೇ.

ಮೊದಲ ವರ್ಷ ಆಕೆಯ ಸವಾರಿಯಲ್ಲಿ ಅಂಥ ಹೆಚ್ಚುಗಾರಿಕೆಯೇನೂ ಇರಲಿಲ್ಲ. ಏರು ಬಂದಾಗ ಗಂಡಸರು ಬೆನ್ನಿಗೆ ಕೈಕೊಟ್ಟು ಆಕೆಯನ್ನು ಸ್ವಲ್ಪ ತಳ್ಳಬೇಕಾಗುತ್ತಿತ್ತೆಂದು ಚಾರ್ಲಿ ಮುಂದೆ ನೆನೆಯುತ್ತಿದ್ದ. ಎರಡನೆಯ ವರ್ಷ ಗುಂಪಿನ ಜೊತೆಗೆ ಸಮನಾಗಿ ಬರತೊಡಗಿದಳು. ಮೂರನೆಯ ವರ್ಷ ಗುಂಪಿನ ಮುಂದೆ ಆಕೆಯೇ, ಗಂಡಸರೆಲ್ಲ ಹಿಂದೆ!

ಈ ಮೂರು ವರ್ಷಗಳಲ್ಲಿ ನಡೆದದ್ದಾದರೂ ಏನು? ಪವಾಡವೇನೂ ನಡೆಯಲಿಲ್ಲ. ಮೂರು ಚಳಿಗಾಲಗಳು ಕಳೆದವು.

ಮಂಜಿನ ಪಾಠಶಾಲೆ

ಇಂಗ್ಲೆಂಡಿನಲ್ಲಿ ಸೈಕಲ್ಲಿನ ಪಂದ್ಯಗಳು ವಸಂತದಲ್ಲಿ ಆರಂಭವಾಗಿ ಶರತ್ಕಾಲದಲ್ಲಿ ಮುಗಿಯುತ್ತವೆ. ಉಳಿದ ತಿಂಗಳುಗಳು ವಿಶ್ರಾಂತಿಯವೆಂದು ಹೊರಗಿನವರು ತಿಳಿಯಬಹುದು. ಸೈಕಲ್ ಸಂಘಗಳ ಹಿರಿಯರು ಹಾಗೆ ತಿಳಿದವರಲ್ಲ. ದೂರದ ಪಂದ್ಯಕ್ಕೆ ಬೇಕಾದ ಬಲ ಪಂದ್ಯದ ದಿನಗಳಲ್ಲಿ ಬರುವುದಿಲ್ಲ, ಅದನ್ನು ಚಳಿಗಾಲದಲ್ಲೇ ಕಟ್ಟಬೇಕು ಎಂಬುದು ಅವರ ನಂಬಿಕೆ. ಆದುದರಿಂದ ಪ್ರತಿ ಭಾನುವಾರವೂ ಸಂಘದ ಸವಾರಿ ಹೊರಡುತ್ತಿತ್ತು. ಎಪ್ಪತ್ತು ಮೈಲಿ, ಎಂಬತ್ತು ಮೈಲಿ, ಕೆಲವೊಮ್ಮೆ ನೂರು. ಮಾರ್ಲಿಯಿಂದ ಉತ್ತರಕ್ಕೆ ತಿರುಗಿದರೆ ಆಟ್ಲಿ, ಇಲ್ಕ್ಲಿ, ಸ್ಕಿಪ್ಟನ್. ಅಲ್ಲಿಂದಾಚೆಗೆ ಕಲ್ಲಿನ ಗೋಡೆಗಳು ಹೆಣೆದ ಬೋಳು ಗುಡ್ಡಗಳು, ಅವುಗಳ ನಡುವೆ ಗಾಳಿ ಶಿಳ್ಳೆ ಹಾಕುವ ಕಣಿವೆಗಳು.

ಈ ಸವಾರಿಯ ಸೈಕಲ್ಲೇ ಬೇರೆ. ಬೇಸಗೆಯ ಹಗುರವಾದ ಪಂದ್ಯದ ಸೈಕಲ್ಲು ಮನೆಯಲ್ಲಿ ಬಟ್ಟೆ ಹೊದ್ದು ಮಲಗಿರುತ್ತಿತ್ತು. ಚಳಿಗಾಲಕ್ಕೆ ಭಾರವಾದ ಹಳೆಯ ಸೈಕಲ್ಲು, ಅದಕ್ಕೆ ಉದ್ದನೆಯ ಮಡ್‌ಗಾರ್ಡ್, ಡೈನಮೋ ಇಲ್ಲವೆ ಬ್ಯಾಟರಿಯ ದೀಪ. ಹಿಂದಿನ ಮಡ್‌ಗಾರ್ಡಿನ ತುದಿಗೆ ಒಂದು ತುಂಡು ರಬ್ಬರನ್ನು ಇಳಿಬಿಡುವುದು ಸಂಘದ ಸಭ್ಯತೆಯ ಗುರುತು. ಇಲ್ಲವಾದರೆ ಹಿಂದೆ ಬರುವ ಗೆಳೆಯನ ಮುಖಕ್ಕೆಲ್ಲ ಕೆಸರು!

ಅನೇಕರ ಚಳಿಗಾಲದ ಸೈಕಲ್ಲಿನಲ್ಲಿ ಫ್ರೀವೀಲ್ ಇರುತ್ತಿರಲಿಲ್ಲ. ನಮ್ಮ ಸಾಮಾನ್ಯ ಸೈಕಲ್ಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೂ ಗಾಲಿ ಉರುಳುತ್ತ ಹೋಗುತ್ತದೆ. ಇಳಿಜಾರಿನಲ್ಲಿ ಕಾಲಿಗೆ ಬಿಡುವು. ಗಾಲಿಗೂ ಪೆಡಲಿಗೂ ಬಿಗಿಯಾದ ಸಂಬಂಧ ಕಲ್ಪಿಸಿದ ಆ ಸೈಕಲ್ಲಿನಲ್ಲಿ ಬಿಡುವೆಂಬುದೇ ಇಲ್ಲ. ಗಾಲಿ ತಿರುಗುವವರೆಗೆ ಕಾಲೂ ತಿರುಗಲೇಬೇಕು. ಏರಿನಲ್ಲಿ ಒಂದೇ ಗೇರಿನಲ್ಲಿ ಮೈಯ ಭಾರವನ್ನೆಲ್ಲ ಹಾಕಿ ತುಳಿಯಬೇಕು. ಇಳಿಜಾರಿನಲ್ಲಿ ಹುಚ್ಚು ರಾಟೆಯಂತೆ ಕಾಲಾಡಿಸಬೇಕು. ಇದರಿಂದ ಎರಡು ಲಾಭ. ತುಳಿತ ನಯವಾಗಿ, ತುಂಡಿಲ್ಲದ ನೂಲಿನ ಎಳೆಯಂತಾಗುತ್ತದೆ. ರಸ್ತೆ ಜಾರುತ್ತಿದೆಯೇ, ಗಾಲಿ ಹಿಡಿತ ತಪ್ಪುತ್ತಿದೆಯೇ ಎಂಬುದು ಕಣ್ಣಿಗೆ ಮೊದಲು ಕಾಲಿಗೆ ತಿಳಿಯುತ್ತದೆ.

ಉಣ್ಣೆಯ ಅಂಗಿಗಳ ಮೇಲೆ ಅಂಗಿ. ಬೆಟ್ಟವನ್ನೇರಿದ ಮೇಲೆ, ಇಳಿಯುವ ಮೊದಲು, ವೃತ್ತಪತ್ರಿಕೆಯ ಹಾಳೆಯೊಂದನ್ನು ಮಡಿಸಿ ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳುವುದು ಸೈಕಲ್ ಸವಾರರ ಹಳೆಯ ಉಪಾಯ. ಏರುವಾಗ ಬೆವೆತ ಮೈಗೆ ಇಳಿಯುವಾಗ ಗಾಳಿ ಬಡಿದರೆ ಕತ್ತಿಯಿಂದ ಗೀರಿದಂತಾಗುತ್ತದೆ. ಅದಕ್ಕೆ ಅರ್ಧಾಣೆಯ ಪತ್ರಿಕೆಯೇ ಕವಚ! ಇಷ್ಟಾದರೂ ಬೆರಳುಗಳನ್ನು ಕಾಪಾಡುವುದು ಕಷ್ಟ. ಟಯರು ಪಂಕ್ಚರ್ ಆಯಿತೆಂದರೆ ಮರಗಟ್ಟಿದ ಬೆರಳುಗಳಿಂದ ಅದನ್ನು ಬಿಚ್ಚಿ, ತೇಪೆ ಹಾಕಿ, ಮತ್ತೆ ಗಾಳಿ ತುಂಬುವವರೆಗೆ ಗುಂಪೆಲ್ಲ ರಸ್ತೆಯ ಬದಿಯಲ್ಲಿ ಕಾಲು ಕುಟ್ಟುತ್ತ ನಿಲ್ಲಬೇಕು.

ನಡುದಾರಿಯಲ್ಲಿ ಹಳ್ಳಿಯ ಚಹಾದಂಗಡಿ. ಸುಟ್ಟ ಬ್ರೆಡ್ಡಿನ ಮೇಲೆ ಸುರಿದ ಬೆಂದ ಕಾಳು, ದೊಡ್ಡ ಲೋಟದಲ್ಲಿ ಸಕ್ಕರೆ ಸುರಿದ ಚಹಾ. ಒಲೆಯ ಪಕ್ಕದಲ್ಲಿ ಒದ್ದೆ ಕೈಗವಸುಗಳ ಸಾಲು. ಆ ಬಿಸಿಯನ್ನು ಬಿಟ್ಟು ಮತ್ತೆ ಹೊರಗೆ ಕಾಲಿಡುವ ಆ ಒಂದು ನಿಮಿಷವೇ ಚಳಿಗಾಲದ ತರಬೇತಿಯಲ್ಲಿ ಎಲ್ಲಕ್ಕಿಂತ ಕಠಿನವಾದ ಪಾಠ.

ಜನವರಿ ಕಳೆದು ಫೆಬ್ರವರಿ ಬರುತ್ತಿದ್ದಂತೆ ಸಂಘಗಳು ತಮ್ಮ ಸದಸ್ಯರಿಗೆ ಒಂದು ಪರೀಕ್ಷೆಯನ್ನೂ ಒಡ್ಡುತ್ತಿದ್ದವು. ಬೆಟ್ಟಗುಡ್ಡಗಳ ದಾರಿಯೊಂದನ್ನು ಗೊತ್ತುಮಾಡಿ, ಅದನ್ನು ಇಷ್ಟು ಗಂಟೆಯೊಳಗೆ ಮುಗಿಸಬೇಕೆಂದು ವಿಧಿಸುವುದು. ಮೊದಲು ಬಂದವನಿಗೆ ಬಹುಮಾನವಿಲ್ಲ. ಕಾಲದೊಳಗೆ ಬಂದವರೆಲ್ಲರೂ ತೇರ್ಗಡೆ. ಚಳಿಗಾಲವೆಲ್ಲ ಯಾರು ಸವಾರಿ ಮಾಡಿದ್ದಾರೆ, ಯಾರು ಒಲೆಯ ಮುಂದೆ ಕುಳಿತಿದ್ದಾರೆ ಎಂಬುದು ಅಂದು ಬಯಲಾಗುತ್ತಿತ್ತು.

ಕತ್ತಲೆಯ ಕೊಟ್ಟಿಗೆಯ ಬೆಳೆ

ಬೆರಿಲ್‌ಳ ಪಾಲಿಗೆ ಚಳಿಗಾಲವೆಂದರೆ ಭಾನುವಾರದ ಸವಾರಿ ಮಾತ್ರವಲ್ಲ. ವಾರದ ದಿನಗಳಲ್ಲಿ ಆಕೆ ದುಡಿಯುತ್ತಿದ್ದುದು ಹೊಲದಲ್ಲಿ. ಮಾರ್ಲಿಯ ಸೈಕಲ್ ಸಂಘದ ಹಿರಿಯ ಸವಾರ ನಿಮ್ ಕಾರ್ಲೈನ್ ಇಪ್ಪತ್ತನಾಲ್ಕು ಗಂಟೆಗಳ ರಾಷ್ಟ್ರೀಯ ಪಂದ್ಯವನ್ನು ಹಲವು ಬಾರಿ ಗೆದ್ದವನು. ವೃತ್ತಿಯಿಂದ ರೂಬಾರ್ಬ್ ಬೆಳೆಗಾರ. ಆಕೆ ಆತನ ಹೊಲದ ಕೂಲಿಯಾಳು. ರಸ್ತೆಯಲ್ಲಿ ಆತನ ಶಿಷ್ಯೆ.

ರೂಬಾರ್ಬ್ ಎಂಬುದು ಆ ಸೀಮೆಯ ಪ್ರಸಿದ್ಧ ಬೆಳೆ. ಕೆಸುವಿನ ದಂಟಿನಂತೆ ಮೇಲೇಳುವ ಅದರ ಕೆಂಪು ಕಾಂಡ ನಾಲಗೆ ಚುರುಕೆನ್ನುವಷ್ಟು ಹುಳಿ. ಸಕ್ಕರೆ ಹಾಕಿ ಬೇಯಿಸಿದರೆ ಇಂಗ್ಲಿಷರಿಗೆ ಪರಮಪ್ರಿಯವಾದ ಸಿಹಿ. ವೇಕ್‌ಫೀಲ್ಡ್, ಮಾರ್ಲಿ, ರಾತ್‌ವೆಲ್ ಊರುಗಳ ನಡುವಣ ಮುಕ್ಕೋನದ ಸೀಮೆ ಈ ಬೆಳೆಗೆ ಹೆಸರಾದದ್ದು. ಇದನ್ನು ಬೆಳೆಯುವ ಬಗೆಯಂತೂ ಸೋಜಿಗದ್ದು. ಎರಡು ವರ್ಷ ಹೊಲದಲ್ಲಿ ಬೆಳೆಸಿ, ಒಂದು ಕಾಂಡವನ್ನೂ ಕೀಳದೆ, ಬೇರಿನಲ್ಲಿ ಸತ್ವವೆಲ್ಲ ತುಂಬುವಂತೆ ಬಿಡುತ್ತಾರೆ. ಆಮೇಲೆ ಚಳಿ ಬಡಿಯಬೇಕು. ಮಂಜು ಹೆಪ್ಪುಗಟ್ಟುವ ಇರುಳುಗಳನ್ನು ಇಂತಿಷ್ಟು ಕಂಡ ಮೇಲೆಯೇ ಬೇರಿನ ನಿದ್ದೆ ಹರಿಯುವುದು. ಒಳಗಿನ ಪಿಷ್ಟ ಸಕ್ಕರೆಯಾಗಿ ಮಾರ್ಪಡುವುದು. ಚಳಿ ಕಾಣದ ಬೇರು ಬೆಚ್ಚಗಿನ ಕೊಟ್ಟಿಗೆಗೆ ಬಂದರೂ ಚೆನ್ನಾಗಿ ಚಿಗುರುವುದಿಲ್ಲ.

ಚಳಿ ಉಂಡ ಬೇರುಗಳನ್ನು ಅಗೆದು ತೆಗೆದು, ಒಂದು ಕಿರಣವೂ ನುಸುಳದ ಉದ್ದನೆಯ ಕೊಟ್ಟಿಗೆಗಳಲ್ಲಿ ಒತ್ತೊತ್ತಾಗಿ ಜೋಡಿಸಿ, ಒಳಗೆ ಕಾವು ಕೊಡುತ್ತಾರೆ. ಕತ್ತಲೆಯಲ್ಲಿ ಬೆಳಕನ್ನು ಹುಡುಕುತ್ತ ಕಾಂಡಗಳು ಸರಸರನೆ ಮೇಲೇಳುತ್ತವೆ. ಮೊಗ್ಗು ಬಿರಿಯುವ ಪಟಪಟ ಸದ್ದು ಕಿವಿಗೆ ಕೇಳಿಸುವುದೂ ಉಂಟು. ಬೆಳಕು ತಗುಲಿದರೆ ಕಾಂಡ ಒರಟಾಗುವುದೆಂದು ಕುಯಿಲನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಮಾಡುತ್ತಾರೆ. ಜನವರಿಯಿಂದ ಮಾರ್ಚಿಯವರೆಗೆ ಕುಯಿಲಿನ ಕಾಲ. ಒಂದು ಕಾಲಕ್ಕೆ ಈ ಕೆಂಪು ದಂಟುಗಳನ್ನು ಹೊತ್ತ ವಿಶೇಷ ರೈಲು ಲಂಡನ್ನಿನ ಮಾರುಕಟ್ಟೆಗೆ ಓಡುತ್ತಿತ್ತು.

ಈ ಕೆಲಸದಲ್ಲಿ ನಾಜೂಕಿಗೆ ಎಡೆಯಿಲ್ಲ. ಕಲ್ಲಿನಂತೆ ಗಟ್ಟಿಯಾದ ನೆಲ. ಮಣ್ಣು ಅಂಟಿದ ಒಂದೊಂದು ಬೇರೂ ಎತ್ತಲಾರದ ಭಾರ. ಬಗ್ಗಿ, ಅಗೆದು, ಎತ್ತಿ, ಹೊತ್ತು, ಮತ್ತೆ ಬಗ್ಗಿ, ದಿನವೆಲ್ಲ ಇದೇ. ಸಂಜೆ ಮನೆಗೆ ಬಂದರೆ ಅಡಿಗೆ, ಬಟ್ಟೆ, ಮಗುವಿನ ಆರೈಕೆ. ಇವುಗಳ ನಡುವೆ ಮತ್ತೆ ಸೈಕಲ್ಲು. ಆಕೆಗೆ ಸಂಬಳ ಕೊಡುವ ಕಂಪನಿಯಿರಲಿಲ್ಲ, ತರಬೇತಿಯ ಶಾಲೆಯಿರಲಿಲ್ಲ. ವೃತ್ತಿಯ ಸವಾರಳಾಗಲು ಬಂದ ಕರೆಯನ್ನು ಒಪ್ಪದೆ, ಬದುಕಿನುದ್ದಕ್ಕೂ ಹವ್ಯಾಸಿಯಾಗಿಯೇ ಉಳಿದಳು. ಸೈಕಲ್ಲನ್ನು ಸಜ್ಜುಗೊಳಿಸುವವನು, ಪಂದ್ಯಗಳಿಗೆ ಕರೆದೊಯ್ಯುವವನು, ದಾರಿಬದಿಯಲ್ಲಿ ನಿಂತು ನೀರು ಆಹಾರ ನೀಡುವವನು ಎಲ್ಲವೂ ಚಾರ್ಲಿಯೇ.

ಕೆಲವು ಚಳಿಗಾಲಗಳು ಮನುಷ್ಯರ ತಾಳ್ಮೆಯನ್ನೇ ಅಳೆಯಲು ಬಂದಂತೆ ಬಂದವು. 1962ರ ಡಿಸೆಂಬರ್ ಕೊನೆಯಲ್ಲಿ ಬಿದ್ದ ಹಿಮ ಇಂಗ್ಲೆಂಡಿನ ಬಹುಭಾಗದಲ್ಲಿ ಮಾರ್ಚಿಯವರೆಗೆ ಕರಗಲಿಲ್ಲ. 1963ರ ಜನವರಿಯಷ್ಟು ಕೊರೆಯುವ ತಿಂಗಳನ್ನು ಆ ದೇಶ 1814ರಿಂದೀಚೆಗೆ ಕಂಡಿರಲಿಲ್ಲ. ಆ ಚಳಿಗಾಲ ಕಳೆದು ಬಂದ ಬೇಸಗೆಯಲ್ಲಿ ಬೆರಿಲ್ ಬೆಲ್ಜಿಯಂ ದೇಶದಲ್ಲಿ ನಡೆದ ವಿಶ್ವ ಸ್ಪರ್ಧೆಯ ಬೆನ್ನಟ್ಟುವ ಓಟದಲ್ಲಿ ನಾಲ್ಕನೆಯ ಬಾರಿಗೆ ಗೆದ್ದಳು. ಆ ಓಟದಲ್ಲಿ ಒಟ್ಟು ಐದು ಸಲ, ರಸ್ತೆಯ ಓಟದಲ್ಲಿ ಎರಡು ಸಲ ಆಕೆ ವಿಶ್ವವಿಜೇತೆ.

ಸ್ನಾಯುವಿನೊಳಗಿನ ಒಲೆ

ಹಿರಿಯ ಸವಾರರು ಅನುಭವದಿಂದ ಕಂಡುಕೊಂಡಿದ್ದ ಚಳಿಗಾಲದ ಗುಟ್ಟಿಗೆ ಶರೀರಶಾಸ್ತ್ರದ ಸಮರ್ಥನೆ ದೊರೆತದ್ದು ಆಮೇಲೆ. ವಿಚಿತ್ರವೆಂದರೆ ಆ ಸಮರ್ಥನೆಯ ಮೊದಲ ಕಂತು ಪ್ರಕಟವಾದದ್ದೂ 1967ರಲ್ಲಿಯೇ. ಅಮೆರಿಕದ ಸೇಂಟ್ ಲೂಯಿಸ್ ನಗರದ ಜಾನ್ ಹಾಲೋಸಿ ಎಂಬ ವಿಜ್ಞಾನಿ ಇಲಿಗಳನ್ನು ಹಲವು ವಾರ ಓಡುವ ಪಟ್ಟಿಯ ಮೇಲೆ ಓಡಿಸಿ ಅವುಗಳ ಸ್ನಾಯುಗಳನ್ನು ಪರೀಕ್ಷಿಸಿದ. ಸ್ನಾಯುವಿನ ಒಂದೊಂದು ತಂತುವಿನಲ್ಲಿಯೂ ಆಮ್ಲಜನಕದಿಂದ ಇಂಧನವನ್ನು ಉರಿಸುವ ಸೂಕ್ಷ್ಮವಾದ ಒಲೆಗಳಿರುತ್ತವೆ; ಮೈಟೊಕಾಂಡ್ರಿಯ ಎಂದು ಅವುಗಳ ಹೆಸರು. ದಿನದಿನವೂ ದೂರ ಓಡಿದ ಇಲಿಗಳಲ್ಲಿ ಈ ಒಲೆಗಳ ಸಾಮರ್ಥ್ಯ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು!

ದೀರ್ಘ ದೂರದ ಸವಾರನಿಗೆ ಇದರಿಂದೇನು? ಮನುಷ್ಯನ ದೇಹದಲ್ಲಿ ಸಕ್ಕರೆಯ ರೂಪದ ಇಂಧನ ದಾಸ್ತಾನಿರುವುದು ಸ್ವಲ್ಪವೇ. ಸುಮಾರು 2,000 ಕ್ಯಾಲೊರಿ. ಜೋರಾಗಿ ತುಳಿದರೆ ಕೆಲವೇ ಗಂಟೆಗಳಲ್ಲಿ ಅದು ಬರಿದು. ಆಗ ಕೈಕಾಲು ಸೋತು, ಕಣ್ಣು ಕತ್ತಲೆಗಟ್ಟಿ, ಸವಾರ ಕುಸಿಯುತ್ತಾನೆ. ಆದರೆ ಎಂಥ ತೆಳ್ಳನೆಯವರ ಮೈಯಲ್ಲಿಯೂ ಕೊಬ್ಬಿನ ರೂಪದಲ್ಲಿ ಅದರ ಹತ್ತಾರು ಪಟ್ಟು ಇಂಧನವಿದೆ. ಕೊಬ್ಬನ್ನು ಉರಿಸಲು ಒಲೆಗಳು ಹೆಚ್ಚು ಬೇಕು, ಅವುಗಳಿಗೆ ರಕ್ತ ಒಯ್ಯುವ ಕಿರುನಾಳಗಳು ಹೆಚ್ಚು ಬೇಕು. ಇವೆರಡೂ ಒಂದು ವಾರದಲ್ಲಿ ಬೆಳೆಯುವುದಿಲ್ಲ. ಪಕ್ಕದವನೊಡನೆ ಮಾತನಾಡಬಲ್ಲಷ್ಟು ಹದವಾದ ವೇಗದಲ್ಲಿ, ಗಂಟೆಗಟ್ಟಲೆ, ತಿಂಗಳುಗಟ್ಟಲೆ ಮಾಡಿದ ಸವಾರಿಯಿಂದ ಬೆಳೆಯುತ್ತವೆ. ಪಂದ್ಯಗಳ ಗಡಿಬಿಡಿಯಿಲ್ಲದ ಚಳಿಗಾಲ ಅದಕ್ಕೆ ಹೇಳಿಮಾಡಿಸಿದ ಕಾಲ. ಮೈಯೂ ರೂಬಾರ್ಬಿನ ಬೇರಿನಂತೆಯೇ. ಕಣ್ಣಿಗೆ ಕಾಣದೆ ಒಳಗೆ ತುಂಬಿಕೊಳ್ಳುತ್ತದೆ.

ಹನ್ನೆರಡು ಗಂಟೆಗಳು

ಗಡಿಯಾರದೊಡನೆ ನಡೆಯುವ ಪಂದ್ಯಗಳಲ್ಲಿ ಸವಾರರನ್ನು ಒಟ್ಟಿಗೆ ಬಿಡುವುದಿಲ್ಲ. ಒಬ್ಬರ ಹಿಂದೆ ಒಬ್ಬರನ್ನು, ನಡುವೆ ಗೊತ್ತಾದ ಅಂತರವಿಟ್ಟು, ಕಳುಹಿಸುತ್ತಾರೆ. ಒಬ್ಬರ ಮರೆಯಲ್ಲಿ ಇನ್ನೊಬ್ಬರು ಗಾಳಿಯನ್ನು ತಪ್ಪಿಸಿಕೊಳ್ಳಬಾರದು. ಹನ್ನೆರಡು ಗಂಟೆಯ ಪಂದ್ಯದಲ್ಲಿ ಗುರಿಯ ಗೆರೆಯೇ ಇಲ್ಲ. ಕಾಲ ಮುಗಿದಾಗ ಯಾರು ಎಷ್ಟು ದೂರ ಹೋಗಿದ್ದಾರೆಂದು ಅಳೆಯುವುದು.

1967ರ ಸೆಪ್ಟೆಂಬರ್ 17ರಂದು ಆಟ್ಲಿಯ ಸಂಘ ಇಂಥ ಪಂದ್ಯವನ್ನು ನಡೆಸಿತು. ಎರಡು ವಾರದ ಹಿಂದೆಯಷ್ಟೆ ಬೆರಿಲ್ ಹಾಲೆಂಡಿನ ಹೇರ್ಲೆನ್ ನಗರದಲ್ಲಿ ರಸ್ತೆಯ ಓಟದ ವಿಶ್ವವಿಜೇತೆಯಾಗಿದ್ದಳು. ಅಂದು 99 ಮಂದಿ ಗಂಡಸರನ್ನು ಮೊದಲು ಬಿಟ್ಟರು. ಅವರಲ್ಲಿ ಕೊನೆಯವನು ಮೈಕ್ ಮೆಕ್‌ನಮಾರ, ಅಂದಿನ ಅಗ್ರಗಣ್ಯ ಸವಾರ. ಆತ ಹೊರಟ ಎರಡು ನಿಮಿಷಕ್ಕೆ ಬೆರಿಲ್ ಹೊರಟಳು. ಲೆಕ್ಕಕ್ಕೆ ಹೆಂಗಸರ ಪಂದ್ಯ ಬೇರೆ, ಗಂಡಸರದು ಬೇರೆ. ಆದರೆ ರಸ್ತೆ ಒಂದೇ, ಗಡಿಯಾರವೂ ಒಂದೇ.

ಗಂಟೆಗಳು ಉರುಳಿದಂತೆ ಆಕೆ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಬಂದಳು. ಕೊನೆಗೆ ಮುಂದೆ ಉಳಿದವನು ಮೆಕ್‌ನಮಾರನೊಬ್ಬನೇ. ಆತನೂ ಅಂದು ಮೈಮರೆತು ತುಳಿಯುತ್ತಿದ್ದ. ಗಂಡಸರ ದಾಖಲೆಯನ್ನು ಮುರಿಯುವ ಹಾದಿಯಲ್ಲಿದ್ದ. ಇನ್ನೂರಕ್ಕೂ ಹೆಚ್ಚು ಮೈಲಿ ಕಳೆದ ಮೇಲೆ ಆತನ ಬೆನ್ನು ಆಕೆಯ ಕಣ್ಣಿಗೆ ಬಿತ್ತು. ಆ ಗಳಿಗೆಯಲ್ಲಿ ತನಗೆ ಗೆಲುವಿನ ಹಿಗ್ಗಿಗಿಂತ ಕನಿಕರವೇ ಉಂಟಾಯಿತೆಂದು ಆಕೆ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಳು. ನ್ಯಾಯವಾಗಿ ಆತನಿಗೆ ಸಲ್ಲಬೇಕಾದ ಕೀರ್ತಿಯನ್ನು ಹೆಂಗಸೊಬ್ಬಳು ಮಸುಕುಗೊಳಿಸುತ್ತಿದ್ದಾಳಲ್ಲ ಎಂಬ ಕನಿಕರ!

ಪಕ್ಕಕ್ಕೆ ಬಂದಾಗ ಏನಾದರೂ ಮಾತಾಡಬೇಕೆನ್ನಿಸಿತು, ಮಾತು ತೋಚಲಿಲ್ಲ. ಅಂಗಿಯ ಜೇಬಿಗೆ ಕೈಹಾಕಿ, ದಾರಿಯ ಖರ್ಚಿಗೆಂದು ತಂದಿದ್ದ ಅತಿಮಧುರದ ಮಿಠಾಯಿಯೊಂದನ್ನು ತೆಗೆದು ಆತನತ್ತ ಚಾಚಿದಳು. ಆತ ಅದನ್ನು ತೆಗೆದುಕೊಂಡು, ಉಪಕಾರವೆಂದು ಹೇಳಿ, ಬಾಯಿಗೆ ಹಾಕಿಕೊಂಡ. ಆಕೆ ಮುಂದೆ ಸಾಗಿದಳು. ಕ್ರೀಡೆಯ ಇತಿಹಾಸದಲ್ಲಿ ಇಷ್ಟು ಮರ್ಯಾದೆಯಿಂದ ನಡೆದ ಸೋಲುಗೆಲುವುಗಳು ಹೆಚ್ಚಿಲ್ಲ.

ಕಾಲ ಮುಗಿಯಲು ಒಂದು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ಆಕೆ ಸೈಕಲ್ಲಿನಿಂದ ಇಳಿದುಬಿಟ್ಟಳು. ಅಳೆದಾಗ 277.25 ಮೈಲಿ. ಮೆಕ್‌ನಮಾರ ತುಳಿದದ್ದು 276.52 ಮೈಲಿ. ಅದೂ ಗಂಡಸರ ಹೊಸ ದಾಖಲೆಯೇ. ಆದರೆ ಮುಕ್ಕಾಲು ಮೈಲಿಯಷ್ಟು ಮುಂದೆ ಒಬ್ಬ ತಾಯಿ ನಿಂತಿದ್ದಳು. ಗಂಡಸರು ಆ ದೂರವನ್ನು ಮೀರಿದ್ದು ಎರಡು ವರ್ಷದ ಮೇಲೆ, 1969ರಲ್ಲಿ. ಹೆಂಗಸರಲ್ಲಿ ಅದನ್ನು ಮೀರುವವರು ಬರಲು ಐವತ್ತು ವರ್ಷ ಬೇಕಾಯಿತು. 2017ರವರೆಗೆ ಆ ದಾಖಲೆ ಅಲುಗಲಿಲ್ಲ.

ತಾಯಿ ಮತ್ತು ಮಗಳು

ಚಳಿಗಾಲದ ಶಿಸ್ತು ಆಕೆಯನ್ನು ಗೆಲ್ಲಿಸಿತು. ಆದರೆ ಅದರ ಬೆಲೆಯನ್ನೂ ವಸೂಲು ಮಾಡಿತು. 1959ರಿಂದ 1983ರವರೆಗೆ, ಸತತವಾಗಿ ಇಪ್ಪತ್ತೈದು ವರ್ಷ, ಬ್ರಿಟನ್ನಿನ ಸರ್ವಶ್ರೇಷ್ಠ ಸವಾರಳೆಂಬ ಪದವಿ ಆಕೆಯದೇ. ಇಪ್ಪತ್ತೈದು ಬೇಸಗೆಗಳ ಹಿಂದೆ ಇಪ್ಪತ್ತೈದು ಚಳಿಗಾಲಗಳು! ಹಾಗೆ ಬದುಕಿದವರಿಗೆ ಸೋಲುವುದು ಹೇಗೆಂಬುದೇ ಮರೆತುಹೋಗುತ್ತದೆ.

ಮಗಳು ಡೆನಿಸ್ ಅದೇ ರಸ್ತೆಗಳಲ್ಲಿ ಬೆಳೆದು ತಾನೂ ಸವಾರಳಾದಳು. 1972ರ ವಿಶ್ವ ಸ್ಪರ್ಧೆಗೆ ತಾಯಿ ಮಗಳು ಇಬ್ಬರೂ ಬ್ರಿಟನ್ನಿನ ತಂಡದಲ್ಲಿ ಹೋದರು. 1976ರ ರಾಷ್ಟ್ರೀಯ ರಸ್ತೆ ಪಂದ್ಯದ ಕೊನೆಯ ಓಟದಲ್ಲಿ ಮಗಳು ತಾಯಿಯನ್ನು ಸೋಲಿಸಿದಳು. ಬಹುಮಾನದ ವೇದಿಕೆಯ ಮೇಲೆ ತಾಯಿ ಮಗಳ ಕೈ ಕುಲುಕಲಿಲ್ಲ. ಓಟದ ನಡುವೆ ಗಾಳಿಗೆದುರಾಗಿ ಮುಂದೆ ನಿಂತು ತುಳಿಯುವ ತನ್ನ ಪಾಲಿನ ಕೆಲಸವನ್ನು ಮಗಳು ಮಾಡಲಿಲ್ಲವೆಂಬುದು ಆಕೆಯ ಅಸಮಾಧಾನ. ಪರಸ್ಥಳದ ಸ್ಪರ್ಧಿಗೆ ಜೇಬಿನಿಂದ ಮಿಠಾಯಿ ತೆಗೆದುಕೊಟ್ಟ ಕೈ ಹೆತ್ತ ಮಗಳತ್ತ ಚಾಚಲಿಲ್ಲ! ಅದು ಕ್ರೀಡಾಪಟುವಿಗೆ ತಕ್ಕ ನಡತೆಯಾಗಿರಲಿಲ್ಲವೆಂದು ಆಕೆಯೇ ಮುಂದೆ ಬರೆದು ಒಪ್ಪಿಕೊಂಡಳು.

ಸಿಟ್ಟು ಉಳಿಯಲಿಲ್ಲ, ಸೈಕಲ್ಲು ಉಳಿಯಿತು. 1982ರಲ್ಲಿ ತಾಯಿ ಮಗಳು ಇಬ್ಬರೂ ಕೂಡಿ, ಎರಡು ಆಸನಗಳ ಒಂದೇ ಸೈಕಲ್ಲನ್ನೇರಿ, ಹತ್ತು ಮೈಲಿಯನ್ನು 21 ನಿಮಿಷ 25 ಸೆಕೆಂಡುಗಳಲ್ಲಿ ತುಳಿದು ಹೆಂಗಸರ ರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿದರು. ಆ ಸೈಕಲ್ಲಿನಲ್ಲಿ ಒಬ್ಬರು ತುಳಿದು ಇನ್ನೊಬ್ಬರು ಸುಮ್ಮನಿರುವಂತಿಲ್ಲ.

ಕೊನೆಯ ಸವಾರಿ

ಪಂದ್ಯಗಳಲ್ಲಿ ಹೆಸರು ಹಿಂದಾದ ಮೇಲೂ ಆಕೆ ಸೈಕಲ್ಲನ್ನು ಬಿಡಲಿಲ್ಲ. 1996ರ ಮೇ ತಿಂಗಳಲ್ಲಿ, ತನ್ನ ಐವತ್ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳ ಮೊದಲು, ಗೆಳೆಯರಿಗೆ ಆಮಂತ್ರಣ ಪತ್ರಗಳನ್ನು ಹಂಚಲೆಂದು ಸೈಕಲ್ಲಿನಲ್ಲಿ ಹೊರಟಳು. ದಾರಿಯಲ್ಲಿ ಹೃದಯ ನಿಂತುಹೋಯಿತು. ಹನ್ನೊಂದರ ವಯಸ್ಸಿನಲ್ಲಿ ವೈದ್ಯರು ಯಾವ ಹೃದಯದ ಬಗ್ಗೆ ಎಚ್ಚರಿಸಿದ್ದರೋ ಅದೇ ಹೃದಯ. ಅದು ಸುಮಾರು ನಲವತ್ತೆಂಟು ವರ್ಷ ಆ ಎಚ್ಚರಿಕೆಯನ್ನು ಸುಳ್ಳಾಗಿಸಿತ್ತು. ವೈದ್ಯರ ಮಾತು ತಪ್ಪಾಗಿತ್ತೆಂದು ಹೇಳಲಾಗದು. ಮಾತು ಕೇಳಿ ಸುಮ್ಮನೆ ಕುಳಿತಿದ್ದರೆ ಆ ಬದುಕು ಇನ್ನಷ್ಟು ಉದ್ದವಾಗುತ್ತಿತ್ತೋ ಎಂಬುದನ್ನೂ ಯಾರೂ ಹೇಳಲಾರರು. ಆದರೆ ಅದು ಬೆರಿಲ್ ಬರ್ಟನ್‌ಳ ಬದುಕಾಗಿರುತ್ತಿರಲಿಲ್ಲ.

ಮಾರ್ಲಿಯಲ್ಲಿ ಇಂದು ಆಕೆಯ ಹೆಸರಿನ ಉದ್ಯಾನವಿದೆ. ಅದರ ಗೋಡೆಯ ಮೇಲೆ ಸೈಕಲ್ಲಿನ ಮೇಲೆ ಬಾಗಿದ ಆಕೆಯ ದೊಡ್ಡ ಚಿತ್ರ. ಸುತ್ತಲಿನ ಸೀಮೆಯಲ್ಲಿ ರೂಬಾರ್ಬಿನ ಕೊಟ್ಟಿಗೆಗಳು ಮೊದಲಿನಷ್ಟಿಲ್ಲ. ಉಳಿದವುಗಳಲ್ಲಿ ಈಗಲೂ ಮೇಣದ ಬತ್ತಿಯ ಬೆಳಕಿನ ಕುಯಿಲು ನಡೆಯುತ್ತದೆ. ಸೈಕಲ್ ಸವಾರರಲ್ಲಿ ಹಲವರು ಈಗ ಚಳಿಗಾಲದಲ್ಲಿ ಮನೆಯೊಳಗೇ ಯಂತ್ರದ ಮೇಲೆ ಸೈಕಲ್ಲನ್ನು ನಿಲ್ಲಿಸಿ ತುಳಿಯುತ್ತಾರೆ. ಅದರಿಂದ ಒಲೆಗಳು ಬೆಳೆಯುತ್ತವೆ, ಬೆರಳು ಮರಗಟ್ಟುವುದಿಲ್ಲ, ತಪ್ಪೆನ್ನಲಾಗದು.

ಆದರೂ ಜನವರಿಯ ಭಾನುವಾರ, ಗಂಟೆ ಎಂಟಾಗಿಯೂ ಬೆಳಗಾಗದ ಹೊತ್ತಿನಲ್ಲಿ, ಯಾರ್ಕ್‌ಷೈರಿನ ಯಾವುದೋ ಊರಿನ ದೀಪದ ಕಂಬದ ಕೆಳಗೆ ಹತ್ತು ಮಂದಿ ಇಂದಿಗೂ ಕೂಡುತ್ತಾರೆ. ಎರಡು ನಿಮಿಷ ಕಾದು, ಜೋಡಿಜೋಡಿಯಾಗಿ ಹೊರಡುತ್ತಾರೆ. ಅವರಲ್ಲಿ ಯಾರಾದರೂ ಏರಿನಲ್ಲಿ ಹಿಂದೆ ಬಿದ್ದರೆ, ಪಕ್ಕದವರು ಬೆನ್ನಿಗೆ ಕೈಕೊಟ್ಟು ಸ್ವಲ್ಪ ತಳ್ಳುತ್ತಾರೆ. ಮೂರನೆಯ ಚಳಿಗಾಲದ ಹೊತ್ತಿಗೆ ಮುಂದೆ ಇರುವವರು ಯಾರೆಂದು ಬಲ್ಲವರಾರು?